ದಾನ ಬೇರೆ, ಅನುದಾನ ಬೇರೆ

ಕಲಬುರಗಿಯಲ್ಲಿ ಆಸ್ಪತ್ರೆ ನಡೆಸುವ ಟ್ರಸ್ಟ್‌ಗಳ ಲೆಕ್ಕಪತ್ರ ಪರಿಶೀಲಿಸುವ ನನಗೆ ಮಾರ್ಚ್ ಬಂತೆಂದರೆ ಎದುರಾಗುವ ಪ್ರಶ್ನೆ ಒಂದೇ: ‘ಬಂದ ಹಣವನ್ನು ರೋಗಿಗಳಿಗೇ ಖರ್ಚು ಮಾಡಿದ್ದೇವೆ, ಮತ್ತೆ ಆಕ್ಷೇಪಣೆ ಏಕೆ?’ ಶರಣಬಸವೇಶ್ವರರ ದಾಸೋಹದ ಊರಿನಲ್ಲಿ ಇದು ಸಹಜವಾದ ಪ್ರಶ್ನೆಯೇ. ದಾಸೋಹಕ್ಕೆ ಜೋಳದ ಚೀಲ ಇಳಿಸಿ ಹೋದವರು ಎಷ್ಟು ರೊಟ್ಟಿಯಾದವೆಂದು ವಿಚಾರಿಸಲು ಬರುವುದಿಲ್ಲ. ಅನುದಾನ ಕೊಟ್ಟವರು ಬರುತ್ತಾರೆ. ಆ ಹಕ್ಕನ್ನು ಒಪ್ಪಂದದಲ್ಲೇ ಬರೆಸಿಕೊಂಡಿರುತ್ತಾರೆ. ನಿರ್ದಿಷ್ಟ ಉದ್ದೇಶಕ್ಕೆ ಬಂದು ಖರ್ಚಾಗದೆ ಉಳಿದ ಮೊತ್ತವು ಅಢಾವೆ ಪತ್ರಿಕೆಯಲ್ಲಿ (ಬ್ಯಾಲೆನ್ಸ್ ಶೀಟ್) ಟ್ರಸ್ಟಿನ ಹೊಣೆಯಾಗಿ ನಿಲ್ಲುತ್ತದೆಯೇ ಹೊರತು ಆದಾಯವಾಗುವುದಿಲ್ಲ.

ಯಾದಗಿರಿ ಜಿಲ್ಲೆಯ ಸಣ್ಣ ಆಸ್ಪತ್ರೆಯೊಂದು ಕಂಪನಿಯೊಂದರ ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ನಿಧಿಯಿಂದ ಎರಡು ಡಯಾಲಿಸಿಸ್ ಯಂತ್ರಗಳನ್ನು ಪಡೆಯಿತು. ಉದ್ಘಾಟನೆಯ ಫೋಟೊ ಬಂತು, ಯಂತ್ರಗಳು ಓಡಲಿಲ್ಲ. ನಾಲ್ಕು ಗಂಟೆಯ ಒಂದು ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು. ಬೋರ್‌ವೆಲ್‌ನ ಗಡಸು ನೀರಿಗೆ ಹೊಂದುವ ಆರ್‌ಒ ಘಟಕವಾಗಲಿ, ತಂತ್ರಜ್ಞರ ಸಂಬಳವಾಗಲಿ, ರಕ್ತ ಸೋಸುವ ಡಯಲೈಸರ್ ಖರೀದಿಯಾಗಲಿ ಪ್ರಸ್ತಾವನೆಯಲ್ಲಿ ಇರಲೇ ಇಲ್ಲ. ಕೇಳಿದರೆ, ‘ಆಡಳಿತ ವೆಚ್ಚ ಶೇ 5 ದಾಟಬಾರದಲ್ಲ, ಸರ್, ಅದಕ್ಕೇ ಬಿಟ್ಟೆವು’ ಎಂದರು.

ಈ ತಪ್ಪು ತಿಳಿವಳಿಕೆ ನಮ್ಮ ಭಾಗದಲ್ಲಿ ಬಹಳ ಕಡೆ ಇದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಡಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ವಿನಿಯೋಗಿಸುವ ಕಂಪನಿಯು ತನ್ನ ಸಿಎಸ್‌ಆರ್ ವಿಭಾಗದ ಸಾಮಾನ್ಯ ಆಡಳಿತಕ್ಕೆ ಮಾಡುವ ಖರ್ಚಿಗೆ ಆ ಶೇ 5ರ ಮಿತಿ ಅನ್ವಯಿಸುತ್ತದೆ. ಡಯಾಲಿಸಿಸ್ ನಡೆಸುವ ತಂತ್ರಜ್ಞರ ಸಂಬಳವು ಯೋಜನೆಯ ನೇರ ವೆಚ್ಚ. ‘ಮುಂದುವರಿಯುವ ಯೋಜನೆ’ ಎಂದು ಕಂಪನಿಯ ಮಂಡಳಿ ಒಪ್ಪಿದರೆ ಆರಂಭದ ಹಣಕಾಸು ವರ್ಷವನ್ನು ಬಿಟ್ಟು ಇನ್ನೂ ಮೂರು ವರ್ಷ ನೆರವು ಸಿಗಲು ಅವಕಾಶವಿದೆ. ಯಂತ್ರವನ್ನಷ್ಟೇ ಕೇಳುವವರು ಬಹುಪಾಲು ಈ ನಿಯಮವನ್ನು ಓದಿರುವುದಿಲ್ಲ.

ವಿದೇಶಿ ದೇಣಿಗೆಯ ಮಾತೇ ಬೇರೆ. ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆಗೆ ತಂದ 2020ರ ತಿದ್ದುಪಡಿಯು ಅಲ್ಲಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿದೆ, ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದನ್ನೂ ನಿಷೇಧಿಸಿದೆ.

ಸಂಶೋಧನೆಗೆ ಬಂದರೆ ದಾರಿ ಇನ್ನೂ ಕಿರಿದು. ಸಿಎಸ್‌ಆರ್ ಹಣ ಬಳಸಬಹುದಾದ ಕೆಲಸಗಳನ್ನು ಪಟ್ಟಿ ಮಾಡುವ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಆರೋಗ್ಯ ಸೇವೆಗೆ ಬಾಗಿಲು ಅಗಲವಾಗಿ ತೆರೆದಿದೆ. ಸಂಶೋಧನೆಗೆ ಮೀಸಲಾದ ಅಂಶ ಮಾತ್ರ ಸಾರ್ವಜನಿಕ ಹಣದಲ್ಲಿ ನಡೆಯುವ ವಿಶ್ವವಿದ್ಯಾಲಯಗಳು, ಐಐಟಿಗಳು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಂಥ (ಐಸಿಎಂಆರ್) ಸಂಸ್ಥೆಗಳು ಮತ್ತು ಸರ್ಕಾರಿ ಹಣ ಪಡೆದ ಯೋಜನೆಗಳ ಸುತ್ತ ನಿಲ್ಲುತ್ತದೆ. ಆಸಕ್ತಿಯುಳ್ಳ ಯುವ ವೈದ್ಯರಿಗೆ, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ 2008ರಲ್ಲಿ ಕಟ್ಟಿದ ಇಂಡಿಯಾ ಅಲಯನ್ಸ್‌ನ ಫೆಲೋಶಿಪ್‌ಗಳನ್ನು ನೋಡಿರೆಂದು ಹೇಳುತ್ತೇನೆ. ಅದರ ಕಚೇರಿ ಇರುವುದು ಹೈದರಾಬಾದಿನಲ್ಲೇ.

ಬೀದರಿನ ವೈದ್ಯರೊಬ್ಬರು ಗರ್ಭಿಣಿಯರ ರಕ್ತಹೀನತೆಯ ಅಧ್ಯಯನಕ್ಕೆ ಒಳ್ಳೆಯ ಆಯವ್ಯಯವನ್ನೇ ಸಿದ್ಧಪಡಿಸಿ ತಂದಿದ್ದರು. ನೈತಿಕ ಸಮಿತಿಯ ಅನುಮೋದನೆ ಎಲ್ಲಿ ಎಂದಾಗ, ಹಣ ಮಂಜೂರಾಗಿ ಮಾದರಿ ಸಂಗ್ರಹ ಶುರುವಾದ ಮೇಲೆ ಪಡೆಯುವುದಾಗಿ ಹೇಳಿದರು. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಅನುಮೋದನೆ ಮೊದಲು, ರಕ್ತ ತೆಗೆಯುವುದು ಆಮೇಲೆ. ಅವರು ಕಡತವನ್ನು ವಾಪಸ್ ಒಯ್ದು ಮೊದಲು ಸಮಿತಿಗೆ ಅರ್ಜಿ ಹಾಕಿದರು. ಆಯವ್ಯಯದ ಪುಟಗಳು ಇನ್ನೂ ನನ್ನ ಮೇಜಿನ ಮೇಲಿವೆ.