ಪರಿಹಾರದ ದುಡ್ಡು ಯಾವ ಖಾತೆಗೆ ಹೋಯಿತು?

2024ರ ಮೇ ತಿಂಗಳಲ್ಲಿ ಬರ ಪರಿಹಾರ ಬಿಡುಗಡೆಯಾದಾಗ ನಮ್ಮ ಬ್ಯಾಂಕ್ ಶಾಖೆಗೆ ಒಬ್ಬ ಅಜ್ಜಿ ಮೂರು ದಿನ ಬಿಡದೆ ಬಂದರು. ಸೆರಗಿನಲ್ಲಿ ಸುತ್ತಿಟ್ಟ ಪಾಸ್‌ಬುಕ್, ರಸಗೊಬ್ಬರದಂಗಡಿಯ ಕವರಿನಲ್ಲಿ ಪಹಣಿ. ‘ಪಕ್ಕದ ಹೊಲದವ್ರಿಗೆ ಬಂದೈತೆ, ನಂಗ್ಯಾಕಿಲ್ಲ ಸಾರ್?’ ಎಂಟ್ರಿ ಹಾಕಿಸಿದರೆ 214 ರೂಪಾಯಿ.

ದುಡ್ಡು ಬಂದಿತ್ತು, ಬೇರೆ ಬ್ಯಾಂಕಿಗೆ. ಎರಡು ವರ್ಷದ ಹಿಂದೆ ಊರಿಗೆ ಬಂದ ಏಜೆಂಟನೊಬ್ಬ ಹೆಬ್ಬೆಟ್ಟು ಒತ್ತಿಸಿಕೊಂಡು ಅವರ ಹೆಸರಲ್ಲಿ ಇನ್ನೊಂದು ಖಾತೆ ತೆರೆದಿದ್ದ. ಅದು ಅವರಿಗೆ ನೆನಪೇ ಇರಲಿಲ್ಲ.

ಇಂಥ ಹಣ ಆಧಾರ್ ಸಂಖ್ಯೆಯ ಬೆನ್ನುಹತ್ತಿ ಬರುತ್ತದೆ. ಬ್ಯಾಂಕುಗಳ ನಡುವೆ ಹಣ ಸಾಗಿಸುವ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು. ಕಡೆಯ ಸಲ ಎಲ್ಲಿ ಸೀಡಿಂಗ್‌ಗೆ, ಅಂದರೆ ಆಧಾರನ್ನು ಖಾತೆಗೆ ಜೋಡಿಸಲು, ಒಪ್ಪಿದ್ದೀರೋ ಹಣ ಅಲ್ಲಿಗೇ. ‘ಆಧಾರ್ ಜೆರಾಕ್ಸ್ ಕೊಟ್ಟಿದ್ದೀನಲ್ಲ’ ಎಂದು ರೈತರು ಕೇಳುತ್ತಾರೆ. ಅದು ಕೆವೈಸಿಗೆ, ಅಂದರೆ ಗ್ರಾಹಕರ ಗುರುತಿನ ದಾಖಲೆಗೆ ಆಯಿತು. ಸೀಡಿಂಗ್‌ಗೆ ಬೇರೆ ಒಪ್ಪಿಗೆ ಪತ್ರವೇ ಬೇಕು. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದು ಆಧಾರ್ ವೆಬ್‌ಸೈಟಿನಲ್ಲೇ ಕಾಣುತ್ತದೆ, ಮನೆಯ ಹುಡುಗರು ಎರಡು ನಿಮಿಷದಲ್ಲಿ ನೋಡಿಕೊಡಬಲ್ಲರು. ಇದನ್ನು ಹೇಳಿಕೊಡದೆ ‘ನಾಳೆ ಬನ್ನಿ’ ಎಂದು ಕಳಿಸುವ ಕೌಂಟರುಗಳ ಮೇಲೆ ನನಗೆ ಸಿಟ್ಟಿದೆ. ಒಂದು ದಿನ ಬ್ಯಾಂಕಿಗೆ ಬಂದರೆ ಕೂಲಿಯವರಿಗೆ ಆ ದಿನದ ಕೂಲಿ ಹೋಯಿತು.

ಮೊತ್ತದ ಲೆಕ್ಕವೂ ಜಗಳಕ್ಕೆ ಕಾರಣ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500; ಎರಡು ಹೆಕ್ಟೇರಿನವರೆಗೆ ಮಾತ್ರ. ಮಳೆಯಾಶ್ರಿತ ಹೊಲಕ್ಕೆ ಗುಂಟೆಗೆ ಸುಮಾರು 86 ರೂಪಾಯಿ ಬಿತ್ತು. ಎರಡು ಎಕರೆ ಶೇಂಗಾ ಹಾಕಿದವರಿಗೆ 6,880ರ ಆಸುಪಾಸು. ಅದರಲ್ಲಿ ಮೊದಲ ಕಂತಿನ 2,000 ಕಳೆದು ಉಳಿದದ್ದು ಮೇನಲ್ಲಿ ಬಂತು. ಬೆಳೆ ಸಮೀಕ್ಷೆಯಲ್ಲಿ ಹೊಲ ಬೀಳು ಎಂದು ದಾಖಲಾಗಿದ್ದರೆ ಅದೂ ಇಲ್ಲ.

ಇದಕ್ಕಿಂತ ಕಷ್ಟದ್ದು ತೀರಿಕೊಂಡವರ ಹೆಸರಿನ ಪಹಣಿ. ಅಪ್ಪ ಹೋಗಿ ಹದಿನೈದು ವರ್ಷ, ಇಬ್ಬರು ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಉಳುತ್ತಿದ್ದಾರೆ, ಪಹಣಿಯಲ್ಲಿ ಇನ್ನೂ ಅಪ್ಪನೇ. ಅಪ್ಪನಿಗೆ ಆಧಾರ್ ಇಲ್ಲ, ರೈತರ ನೋಂದಣಿ ಸಂಖ್ಯೆಯಾದ ಎಫ್‌ಐಡಿಯೂ ಇಲ್ಲ. ಹೊಲ ಒಣಗಿದ್ದು ಊರಿಗೇ ಗೊತ್ತಿದ್ದರೂ ಕಂಪ್ಯೂಟರಿಗೆ ಅಲ್ಲಿ ರೈತನೇ ಇಲ್ಲ. ಗೇಣಿಗೆ ಮಾಡುವವರ ಪಾಡೂ ಇದೇ.

ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಕೊಡಬೇಕು. ಹೊಸ ಪಹಣಿ ಕೈಗೆ ಬಂತೆಂದು ಬಹಳ ಜನ ಅಲ್ಲಿಗೇ ನಿಲ್ಲುತ್ತಾರೆ. ಆ ಸರ್ವೆ ನಂಬರನ್ನು ರೈತ ಸಂಪರ್ಕ ಕೇಂದ್ರದಲ್ಲಿ ತಮ್ಮ ಎಫ್‌ಐಡಿಗೆ ಸೇರಿಸಿಕೊಳ್ಳುವ ತನಕ ಕೆಲಸ ಮುಗಿದಿಲ್ಲ.

ಪಿಎಂ ಕಿಸಾನ್‌ನ ವರ್ಷದ 6,000ಕ್ಕೆ 2019ರ ಫೆಬ್ರವರಿ 1ರಂದು ಜಮೀನು ಹೆಸರಲ್ಲಿರಬೇಕೆಂಬ ನಿಯಮ ಕೇಳಿ ಆ ಅಣ್ಣತಮ್ಮಂದಿರು ಆಸೆ ಬಿಟ್ಟಿದ್ದರು. ವಾರಸುದಾರಿಕೆಯಿಂದ ಬಂದ ಜಮೀನಿಗೆ ಅದರಲ್ಲೇ ವಿನಾಯಿತಿಯಿದೆ ಎಂದು ತೋರಿಸಿದ ಮೇಲೆ ದೊಡ್ಡವನು ಅಂದೇ ವಂಶವೃಕ್ಷಕ್ಕೆ ಓಡಿದ.