ಹೈಬ್ರಿಡ್ ಯುದ್ಧ: ಹೊಡೆದವರು ಯಾರೆಂದು ತೋರಿಸುವುದೂ ಸಿದ್ಧತೆಯೇ

ಪಕ್ಕದ ದೇಶದ ಸೇನೆ ಬಾವುಟ ಹಿಡಿದು ಗಡಿ ದಾಟಿದರೆ ಅದು ಯುದ್ಧ ಎನ್ನುವುದರಲ್ಲಿ ಯಾರಿಗೂ ಅನುಮಾನ ಇರುವುದಿಲ್ಲ. ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿ ಕೂಡ ಸಶಸ್ತ್ರ ದಾಳಿಗೆ ಗುರಿಯಾದ ದೇಶಕ್ಕೆ ಆತ್ಮರಕ್ಷಣೆಯ ಹಕ್ಕಿದೆ ಎನ್ನುತ್ತದೆ. ಹೈಬ್ರಿಡ್ ಯುದ್ಧ ಮಾಡುವವರು ಈ ಗೆರೆ ದಾಟದ ಹಾಗೆ ನೋಡಿಕೊಳ್ಳುತ್ತಾರೆ. ಸಮವಸ್ತ್ರ ಇಲ್ಲದ ನುಸುಳುಕೋರರು, ಸೈಬರ್ ದಾಳಿ, ಡ್ರೋನ್‌ನಲ್ಲಿ ಬಂದು ಬೀಳುವ ಬಂದೂಕು ಮತ್ತು ಹೆರಾಯಿನ್, ಸುಳ್ಳು ಸುದ್ದಿ, ಎಲ್ಲವನ್ನೂ ಬೆರೆಸಿ ಬಳಸುತ್ತಾರೆ. ಕೇಳಿದರೆ ‘ನಮಗೂ ಅದಕ್ಕೂ ಸಂಬಂಧವಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಭಾರತ ಮತ್ತು ಪಾಕಿಸ್ತಾನದ ನಡುವೆ ಇದು ಮೊದಲಿಂದಲೂ ಇದೆ. 1947ರ ಅಕ್ಟೋಬರ್‌ನಲ್ಲಿ ಕಾಶ್ಮೀರಕ್ಕೆ ನುಗ್ಗಿದ್ದು ಬುಡಕಟ್ಟಿನ ದಾಳಿಕೋರರು. 1965ರಲ್ಲಿ ‘ಆಪರೇಷನ್ ಜಿಬ್ರಾಲ್ಟರ್’ ಹೆಸರಿನಲ್ಲಿ ಮೊದಲು ಬಂದಿದ್ದೂ ನುಸುಳುಕೋರರೇ. ಆದರೆ ಪರೀಕ್ಷೆಗೆ ತಯಾರಾಗುವವರು ಓದಲೇಬೇಕಾದ ಉದಾಹರಣೆ ಅಂದರೆ 1999ರ ಕಾರ್ಗಿಲ್.

ಕಾರ್ಗಿಲ್ ಶಿಖರಗಳಲ್ಲಿ ಕೂತಿರುವವರು ಮುಜಾಹಿದೀನ್‌ಗಳು, ನಮ್ಮ ಸೈನಿಕರಲ್ಲ ಎಂದು ಪಾಕಿಸ್ತಾನ ಹೇಳುತ್ತಿತ್ತು. ನಿಜವಾಗಿ ಅಲ್ಲಿದ್ದವರು ಅದರ ನಾರ್ದರ್ನ್ ಲೈಟ್ ಇನ್‌ಫೆಂಟ್ರಿಯ ಸೈನಿಕರು. ಆ ವರ್ಷದ ಮೇ ಕೊನೆಯಲ್ಲಿ ಸೇನಾ ಮುಖ್ಯಸ್ಥ ಪರ್ವೇಜ್ ಮುಷರಫ್ ಬೀಜಿಂಗ್‌ನಲ್ಲಿದ್ದರು. ರಾವಲ್ಪಿಂಡಿಯಲ್ಲಿದ್ದ ಲೆಫ್ಟಿನೆಂಟ್ ಜನರಲ್ ಮೊಹಮ್ಮದ್ ಅಜೀಜ್ ಜೊತೆ ಅವರು ಕಾರ್ಯಾಚರಣೆಯ ಬಗ್ಗೆ ಫೋನ್‌ನಲ್ಲಿ ಮಾತಾಡಿದ್ದನ್ನು ನಮ್ಮ ಗುಪ್ತಚರರು ಕದ್ದು ಕೇಳಿ ದಾಖಲಿಸಿದರು. ಜೂನ್ 11ರಂದು ಭಾರತ ಆ ಧ್ವನಿಮುದ್ರಿಕೆಯನ್ನು ಜಗತ್ತಿನ ಮುಂದಿಟ್ಟಿತು. ಮರುದಿನವೇ ಪಾಕಿಸ್ತಾನದ ವಿದೇಶಾಂಗ ಸಚಿವ ಸರ್ತಾಜ್ ಅಜೀಜ್ ಮಾತುಕತೆಗೆ ದೆಹಲಿಗೆ ಬರುವವರಿದ್ದರು! ‘ನಾವಲ್ಲ’ ಎನ್ನುವ ಮಾತಿಗೆ ಆಮೇಲೆ ಬೆಲೆ ಉಳಿಯಲಿಲ್ಲ. ನನ್ನ ಪ್ರಕಾರ ಆ ಒಂದು ಟೇಪ್ ಮಾಡಿದ ಕೆಲಸವನ್ನು ಆ ಹೊತ್ತಿನಲ್ಲಿ ಯಾವ ಫಿರಂಗಿಯೂ ಮಾಡಲು ಸಾಧ್ಯವಿರಲಿಲ್ಲ. ಹಾಗಂತ ಶಿಖರಗಳನ್ನು ವಾಪಸ್ ಪಡೆದದ್ದು ಟೇಪ್ ಅಲ್ಲ. ಅದಕ್ಕೆ ನಮ್ಮ 527 ಸೈನಿಕರು ಪ್ರಾಣ ಕೊಟ್ಟರು. ಅದನ್ನು ಮರೆತು ಈ ವಿಷಯ ಓದಬಾರದು.

ನುಸುಳಿದ್ದು ಮೊದಲೇ ಏಕೆ ಗೊತ್ತಾಗಲಿಲ್ಲ? ಕೆ. ಸುಬ್ರಹ್ಮಣ್ಯಂ ನೇತೃತ್ವದ ಕಾರ್ಗಿಲ್ ಪರಿಶೀಲನಾ ಸಮಿತಿ ಗುಪ್ತಚರ ವ್ಯವಸ್ಥೆಯ ಲೋಪಗಳನ್ನೂ, ಸಂಸ್ಥೆಗಳ ನಡುವೆ ಹೊಂದಾಣಿಕೆ ಇಲ್ಲದ್ದನ್ನೂ ಎತ್ತಿ ತೋರಿಸಿತು. ಇದರ ನಂತರವೇ 2002ರಲ್ಲಿ ರಕ್ಷಣಾ ಗುಪ್ತಚರ ಸಂಸ್ಥೆ, 2004ರಲ್ಲಿ ತಾಂತ್ರಿಕ ಗುಪ್ತಚರ ಸಂಸ್ಥೆ ಎನ್‌ಟಿಆರ್‌ಒ ಬಂದವು. ಮೂರೂ ಪಡೆಗಳಿಗೆ ಒಬ್ಬ ಸಿಡಿಎಸ್ (ರಕ್ಷಣಾ ಪಡೆಗಳ ಮುಖ್ಯಸ್ಥ) ಬೇಕು ಎಂದು 2001ರಲ್ಲೇ ಸಚಿವರ ಗುಂಪು ಹೇಳಿದ್ದರೂ ಜನರಲ್ ಬಿಪಿನ್ ರಾವತ್ ಆ ಹುದ್ದೆಗೆ ಬಂದದ್ದು 2020ರ ಜನವರಿ 1ರಂದು. ಇಷ್ಟು ತಡ ಆಗಬಾರದಿತ್ತು.

ಇನ್ನೊಂದು ಮುಖ್ಯ ವಿಷಯ ವೇಗ. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿ ಆಯಿತು. ಸೈನ್ಯವನ್ನು ಗಡಿಗೆ ಸಾಗಿಸುವ ‘ಆಪರೇಷನ್ ಪರಾಕ್ರಮ’ ಶುರುವಾಯಿತು. ಆದರೆ ದಾಳಿ ಮಾಡಬೇಕಾದ ದೊಡ್ಡ ಸ್ಟ್ರೈಕ್ ಕೋರ್‌ಗಳು ಗಡಿ ತಲುಪಲು ಸುಮಾರು ಮೂರು ವಾರ ಹಿಡಿಯಿತು. ಅಷ್ಟರಲ್ಲಿ, 2002ರ ಜನವರಿ 12ರಂದು, ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಮುಷರಫ್ ಟಿವಿಯಲ್ಲಿ ಭಾಷಣ ಮಾಡಿ ಲಷ್ಕರ್, ಜೈಷ್ ಉಗ್ರ ಸಂಘಟನೆಗಳನ್ನು ನಿಷೇಧಿಸಿದರು. ಈಗ ತಾಳ್ಮೆಯಿಂದಿರಿ ಎಂಬ ಒತ್ತಡ ಭಾರತದ ಮೇಲೆಯೇ ಬಿತ್ತು. ಸೈನ್ಯ ಗಡಿಯಲ್ಲಿ ಸುಮ್ನೆ ತಿಂಗಳುಗಟ್ಟಲೆ ನಿಲ್ಲಬೇಕಾಯಿತು. ಚಿಕ್ಕ ಪಡೆಗಳು ಬೇಗ ಹೊರಡಬೇಕು ಎಂಬ ‘ಕೋಲ್ಡ್ ಸ್ಟಾರ್ಟ್’ ಯೋಚನೆ ಹುಟ್ಟಿದ್ದು ಇಲ್ಲಿಂದ. ಉರಿ ದಾಳಿಗೆ 2016ರಲ್ಲಿ 11 ದಿನದೊಳಗೆ, ಪುಲ್ವಾಮಾಕ್ಕೆ 2019ರಲ್ಲಿ 12 ದಿನಕ್ಕೆ ಉತ್ತರ ಹೋಯಿತು. ಎರಡರಲ್ಲೂ ದೊಡ್ಡ ಸೈನ್ಯವನ್ನು ಗಡಿಗೆ ಸಾಗಿಸಲಿಲ್ಲ ಎನ್ನುವುದನ್ನು ಗಮನಿಸಿ.

26/11ರ ಮುಂಬೈ ದಾಳಿ ಬಗ್ಗೆ ಎಲ್ಲರೂ ಓದಿರುತ್ತೀರಿ, ಹಾಗಾಗಿ ಎರಡೇ ಮಾತು. ದಾಳಿಕೋರ ಕಸಬ್ ಜೀವಂತ ಸಿಕ್ಕಿದ್ದು ಕಾರ್ಗಿಲ್ ಟೇಪ್‌ನಷ್ಟೇ ದೊಡ್ಡ ಪುರಾವೆ. ಆದರೆ ಟಿವಿಯ ನೇರ ಪ್ರಸಾರ ನೋಡುತ್ತಲೇ ಪಾಕಿಸ್ತಾನದಲ್ಲಿ ಕೂತವರು ಫೋನ್‌ನಲ್ಲಿ ಸೂಚನೆ ಕೊಡುತ್ತಿದ್ದರು. ಉಗ್ರರ ವಿರುದ್ಧದ ಕಾರ್ಯಾಚರಣೆಯ ನೇರ ಪ್ರಸಾರ ಮಾಡಬಾರದು ಎಂಬ ನಿಯಮ ಈಗ ಇದೆ.

2025ರ ಮೇ ತಿಂಗಳಿಗೆ ಬನ್ನಿ. ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದದ್ದಕ್ಕೆ ಉತ್ತರವಾಗಿ ಮೇ 7ರಂದು ‘ಆಪರೇಷನ್ ಸಿಂಧೂರ’ ನಡೆಯಿತು. ಅದೇ ದಿನ ದೇಶದ ಹಲವೆಡೆ ನಾಗರಿಕ ರಕ್ಷಣೆಯ ಮಾಕ್ ಡ್ರಿಲ್ ಕೂಡ ಆಯಿತು. ಮೇ 8ರ ರಾತ್ರಿ 36 ಕಡೆ ಪಾಕಿಸ್ತಾನದಿಂದ 300ರಿಂದ 400 ಡ್ರೋನ್ ಬಂದವು ಎಂದು ಸರ್ಕಾರ ಹೇಳಿತು. ಡ್ರೋನ್ ಬರೀ ಹೊಡೆಯಲು ಬರುವುದಿಲ್ಲ. ನಮ್ಮ ರಾಡಾರ್, ಕ್ಷಿಪಣಿ ಎಲ್ಲಿವೆ ಎಂದು ಕೆದಕಿ ನೋಡಲೂ ಬರುತ್ತದೆ. ಅಗ್ಗದ ಡ್ರೋನ್‌ಗೆ ದುಬಾರಿ ಕ್ಷಿಪಣಿ ಖರ್ಚು ಮಾಡಿಸುವುದೂ ಒಂದು ತಂತ್ರ. ಅದಕ್ಕೇ ಸಣ್ಣ ವಿಮಾನನಿರೋಧಕ ಗನ್, ಸಿಗ್ನಲ್ ಜ್ಯಾಮರ್‌ಗಳ ಮಹತ್ವ ಈಗ ಜಾಸ್ತಿ ಆಗಿದೆ.

ಆ ದಿನಗಳಲ್ಲಿ ಫೋನ್ ತೆರೆದರೆ ಸಾಕು, ವಿಡಿಯೋ ಗೇಮ್‌ನ ತುಣುಕುಗಳು ಯುದ್ಧದ ದೃಶ್ಯಗಳಾಗಿ ಓಡಾಡುತ್ತಿದ್ದವು. ಕರಾಚಿ ಬಂದರು ಧ್ವಂಸವಾಯಿತು ಎಂಬ ಸುಳ್ಳನ್ನು ನಮ್ಮ ಕೆಲವು ಚಾನೆಲ್‌ಗಳೇ ಹೇಳಿದವು. ಇದು ನನಗೆ ಬಹಳ ನೋವಿನ ಸಂಗತಿ, ಏಕೆಂದರೆ ನಮ್ಮ ಕಡೆಯಿಂದ ಒಂದು ಸುಳ್ಳು ಹೊರಟರೆ ನಿಜವಾದ ಪುರಾವೆಯನ್ನೂ ಹೊರಗಿನವರು ಅನುಮಾನದಿಂದ ನೋಡುತ್ತಾರೆ, ಅಲ್ವಾ? ಪರೀಕ್ಷೆಯಲ್ಲಿ ಆಂತರಿಕ ಭದ್ರತೆಯ ಪ್ರಶ್ನೆ ಬಂದಾಗ ಮಾಧ್ಯಮ ಮತ್ತು ಸಾಮಾಜಿಕ ಜಾಲತಾಣದ ಪಾತ್ರಕ್ಕೆ ಈ ಉದಾಹರಣೆ ಬಳಸಿ. ಕಾರ್ಗಿಲ್ ಟೇಪ್ ಪಕ್ಕದಲ್ಲೇ ಇಟ್ಟು ಬರೆದರೆ ವಾದ ಇನ್ನೂ ಗಟ್ಟಿಯಾಗುತ್ತದೆ.