ಮುಂಬಯಿಯ ಕುದುರೆಗಳು: ಹೊರೆಯ ಪ್ರಶ್ನೆಯಿಂದ ಅಗತ್ಯದ ಪ್ರಶ್ನೆಗೆ

ಗೇಟ್‌ವೇ ಆಫ್ ಇಂಡಿಯಾದ ಬಳಿ ಕುದುರೆ ಎಳೆಯುವ ಬೆಳ್ಳಿಬಣ್ಣದ ವಿಕ್ಟೋರಿಯಾ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲವನ್ನು ಮುಂಬಯಿಯ ಕನ್ನಡಿಗರು ಇನ್ನೂ ಮರೆತಿಲ್ಲ; ಊರಿನಿಂದ ನೆಂಟರು ಬಂದರೆ ಅವರನ್ನು ಒಂದು ಸುತ್ತು ಕೂರಿಸಿಕೊಂಡು ಬರುವುದು ಮಾಟುಂಗಾ, ಡೊಂಬಿವಲಿಯ ಎಷ್ಟೋ ಮನೆಗಳಲ್ಲಿ ಉಪಚಾರದ ಭಾಗವೇ ಆಗಿತ್ತು. 2015ರ ಜೂನ್ 8ರಂದು ಬಾಂಬೆ ಹೈಕೋರ್ಟು ಆ ಸವಾರಿ ಕಾನೂನಿಗೆ ವಿರುದ್ಧವೆಂದು ಸಾರಿ, ಒಂದು ವರ್ಷದೊಳಗೆ ನಿಲ್ಲಿಸುವಂತೆ ಆದೇಶಿಸಿತು. ಪೀಠದಲ್ಲಿದ್ದ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರು ಮುಂದೆ 2019ರಲ್ಲಿ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ಬಂದವರು. ಬರಿಯ ಮೋಜಿಗಾಗಿ ಕುದುರೆಯನ್ನು ಗಾಡಿಗೆ ಹೂಡುವುದು ಮನುಷ್ಯ ಬಿಟ್ಟುಬಿಡಬಹುದಾದ ಚಟುವಟಿಕೆ ಎಂಬುದು ಆ ತೀರ್ಪಿನ ತಿರುಳು. ಹಾಗಾದರೆ ಅದೇ ನಗರದ ಮಹಾಲಕ್ಷ್ಮಿಯ ರೇಸಿನ ಮೈದಾನದಲ್ಲಿ ಓಡುವ ಕುದುರೆಗೇಕೆ ಬೇರೆ ನ್ಯಾಯ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅದಕ್ಕೆ ಉತ್ತರ ಹುಡುಕುವವರು ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಈ ನಗರದಲ್ಲಿ ಕುದುರೆಯ ಸಾಮೂಹಿಕ ದುಡಿಮೆಯೂ ಅದರ ಬಗೆಗಿನ ಸಂಘಟಿತ ಮರುಕವೂ ಒಂದೇ ವರ್ಷ ಆರಂಭವಾದವು. 1874ರ ಮೇ ತಿಂಗಳಲ್ಲಿ ಕೊಲಾಬಾದಿಂದ ಪಾಯಧುನಿಗೆ ಕುದುರೆ ಎಳೆಯುವ ಟ್ರಾಮು ಹೊರಟಿತು. ಬಿಸಿಲಿನ ಝಳ ತಾಗದಿರಲೆಂದು ಆ ಕುದುರೆಗಳಿಗೆ ಟೋಪಿ ತೊಡಿಸುತ್ತಿದ್ದರಂತೆ. ಪ್ರಾಣಿಹಿಂಸೆ ತಡೆಯುವ ಸಂಘ ಸ್ಥಾಪನೆಯಾದದ್ದೂ ಅದೇ ವರ್ಷ. 1883ರಲ್ಲಿ ಪೆಟಿಟ್ ಮನೆತನದ ದಾನದಿಂದ ಪರೇಲಿನಲ್ಲಿ ಪ್ರಾಣಿಗಳ ಆಸ್ಪತ್ರೆ ಸ್ಥಾಪನೆಯಾಯಿತು, ಅದೇ ವರ್ಷ ಮಹಾಲಕ್ಷ್ಮಿಯಲ್ಲಿ ರೇಸಿನ ಮೈದಾನವೂ ಸಿದ್ಧವಾಯಿತು. ಕೊನೆಗೆ ಟ್ರಾಮಿನ ಕುದುರೆಗಳನ್ನು ಬಿಡಿಸಿದ ಪುಣ್ಯ ಸಂಘಕ್ಕಿಂತ ಹೆಚ್ಚಾಗಿ ವಿದ್ಯುತ್ತಿಗೆ ಸಲ್ಲಬೇಕು. 1907ರಲ್ಲಿ ವಿದ್ಯುತ್ ಟ್ರಾಮು ಓಡತೊಡಗಿದಾಗ ಹಳಿಯ ಮೇಲೆ ಕುದುರೆಗೆ ಕೆಲಸವೇ ಉಳಿಯಲಿಲ್ಲ.

ಪ್ರಾಣಿಹಿಂಸೆ ತಡೆಯುವ 1890ರ ಕಾಯಿದೆಯನ್ನು ತೆಗೆದುಹಾಕಿ, ನೃತ್ಯ ಕಲಾವಿದೆಯೂ ರಾಜ್ಯಸಭಾ ಸದಸ್ಯೆಯೂ ಆಗಿದ್ದ ರುಕ್ಮಿಣೀದೇವಿ ಅರುಂಡೇಲ್ ಅವರ ಒತ್ತಾಸೆಯಿಂದ ಬಂದ 1960ರ ಕಾಯಿದೆಯಾಗಲಿ, ಅದರಡಿ ರೂಪುಗೊಂಡ 1965ರ ನಿಯಮಗಳಾಗಲಿ ಮುಖ್ಯವಾಗಿ ಕೇಳಿದ್ದು ಎಷ್ಟು ಹೊರೆ, ಎಷ್ಟು ಹೊತ್ತು ಎಂಬುದನ್ನೇ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ತಾಪಮಾನ 37 ಡಿಗ್ರಿ ದಾಟಿದರೆ ನಡುಹಗಲು ಹನ್ನೆರಡರಿಂದ ಮೂರರವರೆಗೆ ಹೂಡಬಾರದು, ಮುಳ್ಳಿನ ಕಡಿವಾಣ ಬಳಸಬಾರದು ಎಂದು ನಿಯಮ ಹೇಳುತ್ತದೆ. ಮೊದಲ ಬಾರಿ ತಪ್ಪು ಮಾಡಿದವನಿಗೆ ಕಾಯಿದೆ ಗೊತ್ತುಮಾಡಿದ ದಂಡ ಹತ್ತರಿಂದ ಐವತ್ತು ರೂಪಾಯಿ, ಅಂದರೆ ಇಂದು ಎರಡು ವಡಾಪಾವಿನ ಬೆಲೆ.

ಕಡಿವಾಣವನ್ನು ಹತ್ತಿರದಿಂದ ನೋಡಿದರೆ ಸವಾರಿ ಹಿಂಸೆಯೇ ಎಂಬ ಇಡೀ ವಾದದ ಬೇರು ಕಾಣುತ್ತದೆ. ಕುದುರೆಯ ಮುಂದಿನ ಹಲ್ಲುಗಳಿಗೂ ದವಡೆಯ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಖಾಲಿ ಜಾಗವೊಂದಿದೆ. ಅಲ್ಲಿ ಮೂಳೆಯ ಮೇಲಿರುವುದು ತೆಳುವಾದ ವಸಡು ಮಾತ್ರ. ಲೋಹದ ಸರಳು ಕೂರುವುದು ಅಲ್ಲಿಯೇ. ಸವಾರ ಲಗಾಮು ಎಳೆದಾಗ ಅಲ್ಲಿ ಒತ್ತಡ ಬೀಳುತ್ತದೆ, ಕುದುರೆ ನಿಂತೊಡನೆ ಸಡಿಲಿಸಿದರೆ ಒತ್ತಡ ತಪ್ಪುತ್ತದೆ, ಹೀಗೆ ನಿಂತರೆ ನೋವಿಲ್ಲ ಎಂಬುದನ್ನು ಕುದುರೆ ಕಲಿಯುತ್ತದೆ. ಹಿಮ್ಮಡಿಯಿಂದ ಪಕ್ಕೆಯನ್ನು ಒತ್ತುವುದರ ಹಿಂದೆಯೂ ಇದೇ ಲೆಕ್ಕವಿದೆ. ಪಾಠ ಅಡಗಿರುವುದು ಎಳೆತಕ್ಕಿಂತ ಹೆಚ್ಚಾಗಿ ಆ ಸಡಿಲಿಕೆಯಲ್ಲಿ. ಸಕಾಲಕ್ಕೆ ಸಡಿಲಿಸಲು ಬಾರದವನ ಕೈಯಲ್ಲಿ ಮೆತ್ತನೆಯ ಕಡಿವಾಣವೂ ಹಿಂಸೆಯೇ. ಬಲವಂತದಿಂದ ಮಾಡಿಸಿದ್ದನ್ನು ಕುದುರೆ ಅರಿಯದೆ ಮಾಡುತ್ತದೆ ಎಂದು ಗ್ರೀಕರ ಕ್ಸೆನೊಫೋನ್ ಸುಮಾರು 2,300 ವರ್ಷಗಳ ಹಿಂದೆಯೇ ಬರೆದಿದ್ದ. ನಮ್ಮ ‘ಪಳಗು’ ಎಂಬ ಕ್ರಿಯಾಪದದಲ್ಲಿಯೂ ಮಣಿಯುವುದಕ್ಕಿಂತ ರೂಢಿಯಾಗುವ, ಬಳಕೆಯಾಗುವ ಅರ್ಥವೇ ಮುಂದಾಗಿದೆ.

ಆದುದರಿಂದ ಸವಾರಿಯನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಸರಿಕಾಣುವುದಿಲ್ಲ. ಬೆಳೆದ ಕುದುರೆಯನ್ನು ನಿಧಾನವಾಗಿ ಕಲಿಸಿ, ನಿಂತಲ್ಲೇ ನಿಲ್ಲಿಸದೆ ಬಯಲಲ್ಲಿ ಅಡ್ಡಾಡಲು ಬಿಡುವ ಸವಾರಿ ಶಾಲೆಯನ್ನು ಕ್ರೂರವೆನ್ನಲು ನಾನು ಹಿಂಜರಿಯುತ್ತೇನೆ. ರೇಸಿನ ಕಥೆ ಬೇರೆ. ಅಲ್ಲಿ ಕುದುರೆ ಎರಡನೆಯ ವರ್ಷಕ್ಕೇ ಓಟಕ್ಕಿಳಿಯುತ್ತದೆ. ಅದರ ಬೆನ್ನುಮೂಳೆಯ ಬೆಳವಣಿಗೆ ಪೂರ್ಣಗೊಳ್ಳುವುದಕ್ಕೆ ಐದು ವರ್ಷ ದಾಟಬೇಕು. ಕುದುರೆಯ ಚರ್ಮ ನೋವನ್ನು ಮನುಷ್ಯರ ಚರ್ಮದಷ್ಟೇ ಗ್ರಹಿಸಬಲ್ಲದೆಂದು ಆಸ್ಟ್ರೇಲಿಯಾದ ಸಂಶೋಧಕರು 2020ರಲ್ಲಿ ತೋರಿಸಿದ ಮೇಲೆ ಚಾವಟಿಯನ್ನು ಸಮರ್ಥಿಸುವುದು ಇನ್ನಷ್ಟು ಕಷ್ಟವಾಗಿದೆ. ನಾರ್ವೆ 1982ರಲ್ಲಿಯೇ ರೇಸಿನಲ್ಲಿ ಅದರ ಬಳಕೆಯನ್ನು ನಿಷೇಧಿಸಿತ್ತು.

ಹೀಗಿದ್ದೂ ರೇಸು ಉಳಿದುಕೊಂಡದ್ದಕ್ಕೆ ಕಾನೂನಿನ ಬೆಂಬಲವಿದೆ. 1996ರಲ್ಲಿ ಸುಪ್ರೀಂ ಕೋರ್ಟು ಕುದುರೆ ರೇಸು ಜೂಜಲ್ಲ, ಕೌಶಲದ ಆಟ ಎಂದಿತು. ಗೆಲುವು ಹೆಚ್ಚಾಗಿ ತರಬೇತಿಯಿಂದ ಬಂದ ಸಾಮರ್ಥ್ಯವನ್ನು ಅವಲಂಬಿಸಿರುತ್ತದೆ ಎಂಬುದು ಅದರ ಆಧಾರವಾಗಿತ್ತು. ಅಲ್ಲಿ ವಿಚಾರಣೆಗೆ ಬಂದದ್ದು ಪಣ ಕಟ್ಟುವವರ ಪ್ರಶ್ನೆ, ಕುದುರೆಯ ನೋವಲ್ಲ. ಮೋಜಿಗೆ ಅಗತ್ಯವಿದೆಯೇ ಎಂದು 2015ರಲ್ಲಿ ಗಾಡಿಯವನಿಗೆ ಕೇಳಿದ ಪ್ರಶ್ನೆಯನ್ನು ಮಹಾಲಕ್ಷ್ಮಿಯ ಸದಸ್ಯರ ಸ್ಟ್ಯಾಂಡಿಗೂ ಕೇಳಿದರೆ ಅಲ್ಲಿಂದ ಬರುವ ಉತ್ತರ ಗಾಡಿಯವನದಕ್ಕಿಂತ ಗಟ್ಟಿಯಾಗಿರಲಾರದು. ಗಾಡಿಯವನಿಗಾದರೂ ಅದು ಹೊಟ್ಟೆಪಾಡಾಗಿತ್ತು.

ಇದೇ ಪ್ರಶ್ನೆ ಈಗ ಮುಂಬಯಿ ಸಮೀಪದ ಗಿರಿಧಾಮ ಮಾಥೇರಾನಿನ ಬೆಟ್ಟ ಹತ್ತಿದೆ. ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ ಆ ಊರಿನಲ್ಲಿ ಪ್ರವಾಸಿಗರನ್ನೂ ಸಾಮಾನನ್ನೂ ಹೊರುವುದು ಕುದುರೆಗಳಿಗೆ ಅಗತ್ಯದ ಕೆಲಸವೇ ಆಗಿತ್ತು. 2022ರ ಕೊನೆಯಲ್ಲಿ ಪ್ರಾಯೋಗಿಕವಾಗಿ ಇ-ರಿಕ್ಷಾ ಓಡಿದಾಗ ಕುದುರೆಯವರು ಅದನ್ನು ವಿರೋಧಿಸಿದರು. ವಾಹನಗಳು ನಿಲ್ಲಬೇಕಾದ ದಸ್ತೂರಿ ನಾಕಾದಲ್ಲಿ ಇಳಿದವರು ಕೆಮ್ಮಣ್ಣಿನ ದಾರಿಯಲ್ಲಿ ಮುಂದೆ ಹೋಗಲು ಅವರು ಲಗಾಮು ಹಿಡಿದು ಇಂದಿಗೂ ಕಾಯುತ್ತಾರೆ.